ಅಬೆನಾಕಿ ಕಲಿಯುವವರು ಬಂದರು, ಒಡನಾಕ್‌ನವರಿಗೇಕೆ ಆತಂಕ?

ಅಳಿವಿನಂಚಿಗೆ ಬಂದ ಭಾಷೆಯನ್ನು ಕಲಿಯಲು ಹೊಸಬರು ಮುಂದೆ ಬಂದರೆ ಆ ಭಾಷೆಯ ಜನ ಹಿಗ್ಗಬೇಕು ಎಂದೇ ನಾವೆಲ್ಲ ಎಣಿಸುತ್ತೇವೆ. ಅಮೆರಿಕದ ಈಶಾನ್ಯ ಮೂಲೆಯ ವರ್ಮಾಂಟ್ ರಾಜ್ಯದಿಂದ ಬರುತ್ತಿರುವ ಸುದ್ದಿ ಮಾತ್ರ ಬೇರೆಯೇ ಇದೆ. ಅಲ್ಲಿ ನಾಲ್ಕು ಗುಂಪುಗಳಿಗೆ ಅಬೆನಾಕಿ ಬುಡಕಟ್ಟುಗಳೆಂಬ ರಾಜ್ಯಮಾನ್ಯತೆ ಇದೆ. ಆ ಗುಂಪುಗಳವರು ಭಾಷೆ ಕಲಿಸುತ್ತಾರೆ, ಶಾಲೆಗಳಿಗೆ ಹೋಗಿ ಸಂಸ್ಕೃತಿಯ ಪಾಠ ಮಾಡುತ್ತಾರೆ. 2022ರ ಏಪ್ರಿಲ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಒಡನಾಕ್‌ನಿಂದ ಬಂದ ಅಬೆನಾಕಿಗಳು ವರ್ಮಾಂಟ್ ವಿಶ್ವವಿದ್ಯಾಲಯದಲ್ಲೇ ನಿಂತು, ಈ ಗುಂಪುಗಳು ತಮ್ಮವರಲ್ಲ, ತಮ್ಮ ಹೆಸರಿನಲ್ಲಿ ಮಾತಾಡುವ ಹಕ್ಕು ಇವರಿಗಿಲ್ಲ ಎಂದರು. ಅಲ್ಲಿಂದೀಚೆಗೆ ವಾದ ತಣ್ಣಗಾಗಿಲ್ಲ. ಮಾನ್ಯತೆಯನ್ನು ಮರುಪರಿಶೀಲಿಸಬೇಕು ಎಂಬ ಒತ್ತಾಯ ಇಂದಿಗೂ ಇದೆ.

ದೂರದಿಂದ ನೋಡಿದವರಿಗೆ ಇದು ಸಣ್ಣ ಸಮುದಾಯವೊಂದರ ಒಳಜಗಳದಂತೆ ಕಾಣಬಹುದು. ಆದರೆ ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಅಬೆನಾಕಿ ಯಾರು ಎಂಬುದು ಒಂದು, ಅಬೆನಾಕಿ ಭಾಷೆ ಉಳಿಯುವುದು ಹೇಗೆ ಎಂಬುದು ಇನ್ನೊಂದು. ಇವನ್ನು ಬಿಡಿಸಿ ನೋಡದಿದ್ದರೆ ಎರಡಕ್ಕೂ ಉತ್ತರ ಸಿಗುವುದಿಲ್ಲ.

ಯಾರು, ಎಲ್ಲಿ

ಅಬೆನಾಕಿ ಭಾಷೆ ಅಲ್ಗಾಂಕಿಯನ್ ಕುಟುಂಬದ ಪೂರ್ವ ಶಾಖೆಗೆ ಸೇರಿದ್ದು. ಇದರಲ್ಲಿ ಎರಡು ಕವಲು. ಪಶ್ಚಿಮ ಅಬೆನಾಕಿ ಇಂದಿನ ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡೆಯದು. ಪೂರ್ವ ಅಬೆನಾಕಿ ಮೇನ್ ರಾಜ್ಯದ ಕಡೆಯದು, ಪೆನೋಬ್‌ಸ್ಕಾಟ್ ಅದರ ಮುಖ್ಯ ರೂಪ. ನೆರೆಯ ಪಸಾಮಕ್ವಾಡಿ, ಮಾಲಿಸೀಟ್, ಮಿಗ್ಮಾ ಜನರೊಂದಿಗೆ ಇವರೆಲ್ಲ ಸೇರಿ ವಬನಾಕಿ ಒಕ್ಕೂಟ. ಮೂಡಣ ನಾಡಿನವರು ಎಂಬ ಅರ್ಥದ ಹೆಸರು ಅದು.

ಪಶ್ಚಿಮ ಅಬೆನಾಕಿಗಳ ಮಾನ್ಯತೆ ಪಡೆದ ಊರುಗಳು ಇಂದು ಎರಡೇ: ಸೇಂಟ್ ಫ್ರಾನ್ಸಿಸ್ ನದಿಯ ದಡದ ಒಡನಾಕ್ ಮತ್ತು ಬೆಕಾಂಕೂರ್ ನದಿಯ ಬಳಿಯ ವೊಲಿನಾಕ್. ಎರಡೂ ಕ್ವಿಬೆಕ್‌ನಲ್ಲಿವೆ. ದಾಖಲೆಯಲ್ಲಿರುವ ಸದಸ್ಯರು ಒಟ್ಟು ಸುಮಾರು ಮೂರು ಸಾವಿರ. ಆ ಊರುಗಳಲ್ಲೇ ನೆಲೆಸಿರುವವರು ಕೆಲವು ನೂರು ಮಂದಿ ಮಾತ್ರ, ಉಳಿದವರು ಕೆನಡಾ ಮತ್ತು ಅಮೆರಿಕದ ಪಟ್ಟಣಗಳಲ್ಲಿ ಚದುರಿದ್ದಾರೆ. ಭಾಷೆಯನ್ನು ತೊಟ್ಟಿಲಿನಿಂದಲೇ ಕೇಳಿ ಬೆಳೆದವರು ಬೆರಳೆಣಿಕೆಗೆ ಇಳಿದಿದ್ದಾರೆ. ಯುನೆಸ್ಕೊ ಇದನ್ನು ಅತ್ಯಂತ ಗಂಭೀರ ಅಪಾಯದ ಪಟ್ಟಿಗೆ ಸೇರಿಸಿದೆ.

ತಾಯ್ನಾಡು ಅಮೆರಿಕದಲ್ಲಿದ್ದು ಊರುಗಳು ಕೆನಡಾದಲ್ಲಿ ಏಕಿವೆ? 17ನೇ ಶತಮಾನದಲ್ಲಿ ಯುರೋಪಿನಿಂದ ಬಂದ ಸಿಡುಬು ಮೊದಲಾದ ರೋಗಗಳು ಹಳ್ಳಿಗಳನ್ನೇ ಬರಿದು ಮಾಡಿದವು. 1675ರಲ್ಲಿ ಇಂಗ್ಲಿಷ್ ವಸಾಹತುಗಾರರೊಂದಿಗೆ ಯುದ್ಧ ಶುರುವಾದ ಮೇಲೆ ದಕ್ಷಿಣದ ಕುಟುಂಬಗಳು ಉತ್ತರಕ್ಕೆ, ಫ್ರೆಂಚರ ಹಿಡಿತದಲ್ಲಿದ್ದ ನೆಲಕ್ಕೆ ಸರಿಯುತ್ತಾ ಹೋದವು. 1759ರ ಅಕ್ಟೋಬರ್ 4ರಂದು ಬ್ರಿಟಿಷರ ಕಡೆಯ ರಾಬರ್ಟ್ ರೋಜರ್ಸ್‌ನ ಪಡೆ ಒಡನಾಕ್ ಅನ್ನೂ ಸುಟ್ಟಿತು. ಜನ ಮತ್ತೆ ಕಟ್ಟಿಕೊಂಡರು. 1783ರಲ್ಲಿ ಬ್ರಿಟನ್ ಮತ್ತು ಅಮೆರಿಕ ಎಳೆದ ಗಡಿ ಅವರ ಬೇಟೆಯ ಕಾಡುಗಳನ್ನೂ ಊರುಗಳನ್ನೂ ಬೇರೆ ಬೇರೆ ದೇಶಗಳಿಗೆ ಹಂಚಿತು. ಇಂದಿನ ಜಗಳದ ಅರ್ಧ ಭಾಗ ಹುಟ್ಟಿದ್ದು ಆ ಗೆರೆಯಿಂದ.

ಮಾತು ಮನೆಯಿಂದ ಹೊರಬಿದ್ದ ಬಗೆ

ಯುದ್ಧ, ವಲಸೆಗಳಿಂದ ಜನಸಂಖ್ಯೆ ಕುಗ್ಗಿತು, ಭಾಷೆ ಮಾತ್ರ ಉಳಿದಿತ್ತು. ಪಿಯಾಲ್ ಪೊಲ್ ವಜೋಖಿಲೈನ್ ಎಂಬ ಒಡನಾಕ್‌ನ ಶಿಕ್ಷಕ 1830ರಲ್ಲೇ ಅಬೆನಾಕಿಯಲ್ಲಿ ಓದುಪುಸ್ತಕ ಅಚ್ಚು ಹಾಕಿಸಿದ್ದ. 1884ರಲ್ಲಿ ಒಡನಾಕ್‌ನ ಮುಖ್ಯಸ್ಥ ಜೋಸೆಫ್ ಲೊರಾಂ ಅಬೆನಾಕಿ–ಇಂಗ್ಲಿಷ್ ಸಂಭಾಷಣೆಗಳ ಪುಸ್ತಕ ಪ್ರಕಟಿಸಿದ. 1932ರಲ್ಲಿ ಹೆನ್ರಿ ಲಾರ್ನ್ ಮಾಸ್ತಾ ವ್ಯಾಕರಣ ಮತ್ತು ಊರುಹೆಸರುಗಳ ಪುಸ್ತಕ ತಂದ. ಅಂದರೆ ಒಂದು ಶತಮಾನದ ಕಾಲ ಈ ಜನ ತಮ್ಮ ಭಾಷೆಯನ್ನು ತಾವೇ ಬರೆದು, ತಾವೇ ಕಲಿಸಿದರು. ಬರವಣಿಗೆ ಇಲ್ಲದ್ದರಿಂದ ಭಾಷೆ ಸತ್ತಿತು ಎಂಬ ಸುಲಭದ ವಿವರಣೆ ಇಲ್ಲಿ ನಿಲ್ಲುವುದಿಲ್ಲ.

ಹೊಟ್ಟೆಪಾಡು ಬದಲಾಗಿದ್ದು ದೊಡ್ಡ ಕಾರಣ. ಬೇಟೆಯ ಕಾಡುಗಳು ಮರದ ಕಂಪನಿಗಳ ಪಾಲಾದ ಮೇಲೆ 19ನೇ ಶತಮಾನದಲ್ಲಿ ಬುಟ್ಟಿ ಹೆಣಿಗೆ ಮುಖ್ಯ ಕಸುಬಾಯಿತು. ಕಪ್ಪು ಆ್ಯಶ್ ಮರದ ದಿಮ್ಮಿಯನ್ನು ಉದ್ದಕ್ಕೂ ಬಡಿದರೆ ಅದರ ವಾರ್ಷಿಕ ಉಂಗುರಗಳು ಪದರ ಪದರವಾಗಿ ಬಿಡುತ್ತವೆ. ಆ ಸೀಳುಗಳನ್ನು ತೆಳ್ಳಗೆ ಹೆರೆದು, ಸುವಾಸನೆಯ ಹುಲ್ಲಿನ ಜಡೆ ಸೇರಿಸಿ ಬುಟ್ಟಿ ಹೆಣೆಯುತ್ತಿದ್ದರು. ಚಳಿಗಾಲವಿಡೀ ಹೆಣೆದು, ಬೇಸಿಗೆಗೆ ಮನೆಮಂದಿಯೆಲ್ಲ ನ್ಯೂ ಹ್ಯಾಂಪ್‌ಶೈರ್‌ನ ವೈಟ್ ಮೌಂಟನ್ಸ್ ಮೊದಲಾದ ಪ್ರವಾಸಿ ತಾಣಗಳಿಗೆ ಹೋಗಿ ಮಾರುತ್ತಿದ್ದರು. ಲೊರಾಂನ ಪುಸ್ತಕ ಬಂದದ್ದೂ ಈ ಕಾಲದಲ್ಲೇ. ಕೊಳ್ಳುವವರ ಮಾತು ಇಂಗ್ಲಿಷ್, ಊರಿನ ಚರ್ಚು ಮತ್ತು ಶಾಲೆಯ ಮಾತು ಫ್ರೆಂಚ್. ಹೀಗಾಗಿ ಅಬೆನಾಕಿ ಅಡುಗೆಮನೆಗೆ, ಬುಟ್ಟಿಯ ಕೆಲಸಕ್ಕೆ, ಹಿರಿಯರ ಹರಟೆಗೆ ಮಾತ್ರ ಉಳಿಯಿತು. ಆ ಕಸುಬಿನ ಮಾರುಕಟ್ಟೆ ಇಪ್ಪತ್ತನೇ ಶತಮಾನದಲ್ಲಿ ಕುಸಿದಾಗ ಉಳಿದಿದ್ದ ಆಸರೆಯೂ ಜಾರಿತು.

ಇದಕ್ಕಿಂತ ಕಡಿಮೆ ಚರ್ಚೆಯಾಗುವ, ಆದರೆ ಇಷ್ಟೇ ಬಲವಾದ ಕಾರಣ ಮೂಲನಿವಾಸಿಗಳ ಕುರಿತ ಕೆನಡಾದ 1876ರ ಇಂಡಿಯನ್ ಕಾಯ್ದೆ. ಮೂಲನಿವಾಸಿಯೆಂಬ ಮಾನ್ಯತೆಯಿಲ್ಲದ ಗಂಡಸನ್ನು ಮದುವೆಯಾದ ಹೆಣ್ಣು ಆ ಕಾಯ್ದೆಯಡಿ ತನ್ನ ಸ್ಥಾನ ಕಳೆದುಕೊಳ್ಳುತ್ತಿದ್ದಳು, ಅವಳ ಮಕ್ಕಳಿಗೂ ಅದು ಸಿಗುತ್ತಿರಲಿಲ್ಲ. ಹೊರಗಿನ ಹೆಣ್ಣನ್ನು ತಂದ ಗಂಡಸಿಗೆ ಇಂಥ ಶಿಕ್ಷೆ ಇರಲಿಲ್ಲ. ಒಡನಾಕ್‌ನಷ್ಟು ಚಿಕ್ಕ ಊರಿನಲ್ಲಿ ಹತ್ತಿರದ ನೆಂಟರಲ್ಲದ ಗಂಡು ಸಿಗುವುದೇ ಕಷ್ಟ, ಹೊರಗಿನ ಮದುವೆ ಅನಿವಾರ್ಯ. ಹಾಗಾಗಿ ಕಾಯ್ದೆ ಊರಿನಿಂದ ಹೊರಗೆ ಕಳಿಸಿದ್ದು ಅಬೆನಾಕಿ ಮಾತಾಡುವ ತಾಯಂದಿರನ್ನು, ಒಳಗೆ ಬಿಟ್ಟಿದ್ದು ಫ್ರೆಂಚ್ ಮಾತಾಡುವ ಸೊಸೆಯರನ್ನು. ಭಾಷೆ ತಾಯಿಯಿಂದ ಮಗುವಿಗೆ ಸಾಗುವ ದಾರಿಯನ್ನು ಕತ್ತರಿಸಲು ಇದಕ್ಕಿಂತ ಖಚಿತವಾದ ಉಪಾಯವಿಲ್ಲ.

1985ರಲ್ಲಿ ಈ ನಿಯಮ ಹೋಯಿತು, ಅದರ ಬಾಲ ಮಾತ್ರ ಉಳಿಯಿತು. ಅಜ್ಜಿಯ ಕಡೆಯಿಂದ ಬಂದವರಿಗೂ ಅಜ್ಜನ ಕಡೆಯಿಂದ ಬಂದವರಿಗೂ ಲೆಕ್ಕ ಬೇರೆ ಬೇರೆಯಾಗಿತ್ತು. ಇದನ್ನು ಪ್ರಶ್ನಿಸಿ ಗೆದ್ದವರು ಅಬೆನಾಕಿಗಳೇ. ಡೆಶನೋ ಪ್ರಕರಣ ಎಂದು ಹೆಸರಾದ ಆ ವ್ಯಾಜ್ಯದಲ್ಲಿ ಕ್ವಿಬೆಕ್‌ನ ನ್ಯಾಯಾಲಯ 2015ರಲ್ಲಿ ತೀರ್ಪು ಕೊಟ್ಟಿತು. 2017ರಲ್ಲಿ ಬಂದ ತಿದ್ದುಪಡಿ 2019ರಲ್ಲಿ ಪೂರ್ಣವಾಗಿ ಜಾರಿಯಾಗಿ, ಇಡೀ ಕೆನಡಾದ ಮೂಲನಿವಾಸಿ ಹೆಂಗಸರ ಮೊಮ್ಮಕ್ಕಳಿಗೆ ಬಾಗಿಲು ತೆರೆಯಿತು. ಇದರಿಂದ ಒಡನಾಕ್‌ನ ಸದಸ್ಯರ ಪಟ್ಟಿಯೂ ಬೆಳೆಯಿತು. ಹೀಗೆ ಮರಳಿದವರಲ್ಲಿ ಹೆಚ್ಚಿನವರು ಹೊರಗೆ ಬೆಳೆದವರು, ಭಾಷೆಯ ಗಂಧವಿಲ್ಲದವರು. ಅವರಿಗೆ ಕಲಿಸುವ ಹೊಣೆ ಈಗಿರುವ ಬೆರಳೆಣಿಕೆಯ ಶಿಕ್ಷಕರ ಮೇಲೆ ಬಿದ್ದಿದೆ. ವರ್ಮಾಂಟ್ ಜಗಳವನ್ನು ತೂಗುವಾಗ ಇದನ್ನು ಮರೆಯಬಾರದು: ಹೊಸ ಕಲಿಕೆದಾರರನ್ನು ಒಡನಾಕ್ ದೂರ ಇಡುತ್ತಿಲ್ಲ, ಸ್ವತಃ ಅದೇ ಕಲಿಕೆದಾರರಿಂದ ತುಂಬಿದೆ.

ವರ್ಮಾಂಟ್‌ನಲ್ಲಿ ಆದದ್ದೇನು

ನಮ್ಮಲ್ಲಿ ಪರಿಶಿಷ್ಟ ಪಂಗಡಗಳ ಪಟ್ಟಿಯನ್ನು ಬದಲಿಸುವ ಅಧಿಕಾರ ಸಂಸತ್ತಿಗೆ ಮಾತ್ರ ಇದೆ. ಅಮೆರಿಕದಲ್ಲಿ ಒಕ್ಕೂಟ ಸರ್ಕಾರದ ಮಾನ್ಯತೆ ಬೇರೆ, ರಾಜ್ಯದ ಮಾನ್ಯತೆ ಬೇರೆ. ಗೊಂದಲ ಮೊದಲಾಗುವುದು ಇಲ್ಲಿ.

1976ರ ನವೆಂಬರ್‌ನಲ್ಲಿ ವರ್ಮಾಂಟ್ ರಾಜ್ಯಪಾಲ ಥಾಮಸ್ ಸಾಲ್ಮನ್ ಆದೇಶದ ಮೂಲಕ ಅಬೆನಾಕಿ ಮಂಡಳಿಯೊಂದನ್ನು ಮಾನ್ಯ ಮಾಡಿದರು, ಮರುವರ್ಷವೇ ಅವರ ಉತ್ತರಾಧಿಕಾರಿ ರಿಚರ್ಡ್ ಸ್ನೆಲ್ಲಿಂಗ್ ಅದನ್ನು ರದ್ದು ಮಾಡಿದರು. ಮುಂದೆ, ಇಂದಿನ ನಾಲ್ಕು ಗುಂಪುಗಳಲ್ಲಿ ಒಂದಾದ ಮಿಸಿಸ್ಕ್ವಾಯ್ ಗುಂಪಿನವರು ಪರವಾನಗಿ ಇಲ್ಲದೆ ಮೀನು ಹಿಡಿದು, ಇದು ನಮ್ಮ ಮೂಲ ಹಕ್ಕು ಎಂದು ವಾದಿಸಿದರು. ಕೆಳಗಿನ ನ್ಯಾಯಾಲಯ 1989ರಲ್ಲಿ ಒಪ್ಪಿತು. 1992ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತಿರುಗಿಸಿತು. ನೆಲದ ಮೇಲೆ ಅಬೆನಾಕಿಗಳಿಗೆ ಎಂದೋ ಇದ್ದ ಹಕ್ಕು ಇತಿಹಾಸದ ಘಟನೆಗಳ ಒಟ್ಟು ಭಾರದಿಂದ ಅಳಿದುಹೋಗಿದೆ ಎಂದಿತು.

ಒಕ್ಕೂಟ ಸರ್ಕಾರದ ಮಾನ್ಯತೆಗೆ ಏಳು ಮಾನದಂಡಗಳಿವೆ, ಏಳನ್ನೂ ದಾಟಬೇಕು. 1980ರಲ್ಲಿ ಶುರುವಾದ ಮಿಸಿಸ್ಕ್ವಾಯ್ ಅರ್ಜಿಯ ಮೇಲೆ 2007ರಲ್ಲಿ ಅಂತಿಮ ನಿರ್ಧಾರ ಬಂತು: ನಾಲ್ಕರಲ್ಲಿ ಅನುತ್ತೀರ್ಣ. 1,171 ಸದಸ್ಯರ ಪೈಕಿ ಮಿಸಿಸ್ಕ್ವಾಯ್ ಅಬೆನಾಕಿ ಪೂರ್ವಜರನ್ನು ದಾಖಲೆಯಲ್ಲಿ ತೋರಿಸಲು ಸಾಧ್ಯವಾದದ್ದು 8 ಮಂದಿಗೆ ಮಾತ್ರ ಎಂದು ಆ ವರದಿ ಹೇಳಿತು.

ಆಗ ಯತ್ನ ರಾಜ್ಯದತ್ತ ತಿರುಗಿತು. 2010ರ ಕಾನೂನಿನಡಿ 2011ರಲ್ಲಿ ನುಲ್ಹೀಗನ್ ಮತ್ತು ಎಲ್ನು, 2012ರಲ್ಲಿ ಮಿಸಿಸ್ಕ್ವಾಯ್ ಮತ್ತು ಕೊವಾಸೆಕ್ ಗುಂಪುಗಳಿಗೆ ಶಾಸನಸಭೆ ಮಾನ್ಯತೆ ಕೊಟ್ಟಿತು. ಆ ಕಾನೂನಿನ ಒಂದು ಮಾತು ಇಡೀ ವಿವಾದದ ಬೇರು. ಗಣನೀಯ ಸಂಖ್ಯೆಯ ಸದಸ್ಯರು ತಮ್ಮ ಬಂಧುಬಳಗದ ಮೂಲವನ್ನು ವಂಶಾವಳಿಯ ಮೂಲಕ ‘ಅಥವಾ ಬೇರೆ ವಿಧಾನಗಳ’ ಮೂಲಕ ತೋರಿಸಿದರೆ ಸಾಕು. ಒಕ್ಕೂಟ ಸರ್ಕಾರ ಕಡ್ಡಾಯವೆಂದು ಕೇಳಿದ ಪುರಾವೆ ಇಲ್ಲಿ ಹಲವು ದಾರಿಗಳಲ್ಲಿ ಒಂದಾಯಿತು. ಈ ಮಾನ್ಯತೆಯಿಂದ ನೆಲದ ಹಕ್ಕಾಗಲಿ ಜೂಜಿನ ಕೇಂದ್ರ ನಡೆಸುವ ಹಕ್ಕಾಗಲಿ ಬರುವುದಿಲ್ಲ ಎಂದು ಅದೇ ಕಾನೂನು ಸ್ಪಷ್ಟವಾಗಿ ಬರೆದಿದೆ. ಆದರೆ ಮೂಲನಿವಾಸಿ ಕೈಕೆಲಸ ಎಂಬ ಹೆಸರಿನಲ್ಲಿ ಕಲಾವಸ್ತು ಮಾರಲು 1990ರ ಒಕ್ಕೂಟ ಕಾಯ್ದೆಯ ಅನುಮತಿ, ಉಚಿತ ಬೇಟೆ–ಮೀನುಗಾರಿಕೆ ಪರವಾನಗಿ, ಕೆಲವು ಅನುದಾನಗಳಿಗೆ ಅರ್ಹತೆ, ಎಲ್ಲಕ್ಕಿಂತ ಹೆಚ್ಚಾಗಿ ಸರ್ಕಾರ ಮತ್ತು ಶಾಲೆಗಳು ಅಬೆನಾಕಿಗಳ ಅಭಿಪ್ರಾಯ ಬೇಕೆಂದಾಗ ಕರೆಯುವ ಸ್ಥಾನ ಇವರದಾಯಿತು.

ವಾದ, ಪ್ರತಿವಾದ

ವರ್ಮಾಂಟ್ ಗುಂಪುಗಳ ಮಾತು ಹೀಗಿದೆ. ನಮ್ಮವರು ಉತ್ತರಕ್ಕೆ ಓಡಲಿಲ್ಲ, ಇಲ್ಲೇ ಅಡಗಿ ಉಳಿದರು. ವರ್ಮಾಂಟ್ ವಿಶ್ವವಿದ್ಯಾಲಯದ ಹೆನ್ರಿ ಪರ್ಕಿನ್ಸ್ 1925ರಿಂದ 1936ರವರೆಗೆ ನಡೆಸಿದ, ‘ಕೀಳು ತಳಿ’ ಎನಿಸಿದವರಿಗೆ ಮಕ್ಕಳಾಗಬಾರದು ಎಂಬ ವಾದದ ತಳಿಶುದ್ಧಿ ಸಮೀಕ್ಷೆ ಮತ್ತು 1931ರ ಸಂತಾನಹರಣ ಕಾನೂನಿನ ಭಯದಿಂದ ಗುರುತನ್ನು ಮುಚ್ಚಿಟ್ಟರು. ಹೆದರಿ ಅಡಗಿದವರ ಬಳಿ ಚರ್ಚಿನ ದಾಖಲೆ ಕೇಳುವುದು ಅನ್ಯಾಯ. ರಾಜ್ಯದ ಪರಿಶೀಲನೆಯನ್ನು ದಾಟಿ ಬಂದಿದ್ದೇವೆ. ಬೇರೆ ದೇಶದಲ್ಲಿರುವ ಊರು ನಮ್ಮ ಮೇಲೆ ತೀರ್ಪು ಕೊಡುವಂತಿಲ್ಲ.

ಒಡನಾಕ್ ಮತ್ತು ವೊಲಿನಾಕ್‌ನ ಉತ್ತರ: ನಾವು ಎಂದೂ ವರ್ಮಾಂಟ್ ಬಿಟ್ಟವರಲ್ಲ, ಬುಟ್ಟಿ ಮಾರಲು, ಬೇಟೆಗೆ, ಕೆಲಸಕ್ಕೆ ಬರುತ್ತಲೇ ಇದ್ದೆವು. ನಮ್ಮ ಕುಟುಂಬಗಳ ವಂಶಾವಳಿ ದಾಖಲಾಗಿದೆ, ಅಡಗಿದ್ದ ನೆಂಟರಿದ್ದರೆ ನಮಗೆ ಗೊತ್ತಿರುತ್ತಿತ್ತು. ತಳಿಶುದ್ಧಿ ಸಮೀಕ್ಷೆಯ ಕಾಗದಗಳಲ್ಲಿ ಬಡವರು ಮತ್ತು ಫ್ರೆಂಚ್ ಕೆನಡಿಯನ್ನರು ಕಾಣುತ್ತಾರೆಯೇ ಹೊರತು ಅಬೆನಾಕಿಗಳನ್ನು ಗುರಿ ಮಾಡಿದ ಕುರುಹು ಕಾಣುವುದಿಲ್ಲ. ಕೆನಡಾದ ಸಂಶೋಧಕ ಡ್ಯಾರಿಲ್ ಲೆರೂ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಈ ಗುಂಪುಗಳ ಮೂಲಪುರುಷರಲ್ಲಿ ಹೆಚ್ಚಿನವರು ಫ್ರೆಂಚ್ ಕೆನಡಿಯನ್ನರು ಎಂದು ವಾದಿಸುತ್ತದೆ.

ಸಂತಾನಹರಣಕ್ಕೆ ಒಳಗಾದವರ ನೋವು ನಿಜ. 2021ರಲ್ಲಿ ವರ್ಮಾಂಟ್ ಶಾಸನಸಭೆ ಅದಕ್ಕಾಗಿ ಕ್ಷಮೆ ಕೇಳಿದ್ದು ಸರಿಯೇ. ಆದರೆ ಬಡತನಕ್ಕಾಗಿ ಹಿಂಸೆಗೊಳಗಾದ ಕುಟುಂಬ ಎಂಬುದೊಂದೇ ಅದು ಅಬೆನಾಕಿ ಕುಟುಂಬ ಎನ್ನುವುದಕ್ಕೆ ಪುರಾವೆಯಾಗದು. ಯಾರನ್ನು ನೆಂಟರೆಂದು ಒಪ್ಪಬೇಕು ಎಂದು ಹೇಳುವ ಮೊದಲ ಹಕ್ಕು ನೆಂಟಸ್ತಿಕೆಯನ್ನು ಮುರಿಯದೆ ಉಳಿಸಿಕೊಂಡು ಬಂದ ಸಮುದಾಯದ್ದು. 2010ರ ಕಾನೂನು ಆ ಸಮುದಾಯದ ಒಪ್ಪಿಗೆಯನ್ನು ಷರತ್ತಾಗಿ ಇಡಲೇ ಇಲ್ಲ. ಅದರ ಅತಿ ದೊಡ್ಡ ದೋಷ ಇದು.

ಮಾನ್ಯತೆ ಸಿಕ್ಕರೆ ಭಾಷೆ ಉಳಿದೀತೇ

ಮೇನ್ ರಾಜ್ಯದ ಪೆನೋಬ್‌ಸ್ಕಾಟರನ್ನು ನೋಡಿದರೆ ಉತ್ತರ ಸಿಗುತ್ತದೆ. ಅವರ ಗುರುತಿನ ಬಗ್ಗೆ ಯಾರಿಗೂ ತಕರಾರಿಲ್ಲ, ಒಕ್ಕೂಟ ಸರ್ಕಾರದ ಮಾನ್ಯತೆ ಇದೆ. 1980ರಲ್ಲಿ ಪಸಾಮಕ್ವಾಡಿ ಮತ್ತು ಮಾಲಿಸೀಟರೊಂದಿಗೆ ಸೇರಿ 8.15 ಕೋಟಿ ಡಾಲರಿನ ಭೂ ಒಪ್ಪಂದವನ್ನೂ ಗೆದ್ದರು. ಆದರೂ ಪೆನೋಬ್‌ಸ್ಕಾಟ್ ಮಾತಾಡುತ್ತಾ ಬೆಳೆದ ಕೊನೆಯ ವ್ಯಕ್ತಿ ಮ್ಯಾಡ್ಲಿನ್ ಶೇ 1993ರಲ್ಲಿ ತೀರಿಕೊಂಡರು. ಒಡನಾಕ್‌ಗೂ ಕೆನಡಾದ ಮಾನ್ಯತೆ ಎಂದಿನಿಂದಲೂ ಇದೆ, ಅಲ್ಲೂ ಭಾಷೆ ಕ್ಷೀಣಿಸಿದೆ. ಮಾನ್ಯತೆಯಿಂದ ಹಣ, ಕಟ್ಟಡ, ಹುದ್ದೆಗಳು ಬರಬಹುದು. ಮನೆಯಲ್ಲಿ ಮಗುವಿನ ಕಿವಿಗೆ ಮಾತು ಬೀಳುವಂತೆ ಮಾಡುವ ಶಕ್ತಿ ಅದಕ್ಕಿಲ್ಲ.

ತಪ್ಪಾದ ಮಾನ್ಯತೆಗೆ ಮಾತ್ರ ಭಾಷೆಗೆ ಹಾನಿ ಮಾಡುವ ಶಕ್ತಿ ಇದೆ. ಅನುದಾನಗಳ ಚೀಲ ಚಿಕ್ಕದು. ‘ಅಬೆನಾಕಿ ಭಾಷೆ’ ಎಂಬ ಹೆಸರಿನಲ್ಲಿ ಹಣ ಕೊಡುವ ಸಂಸ್ಥೆ ಹತ್ತಿರದ ರಾಜ್ಯಮಾನ್ಯ ಗುಂಪಿಗೆ ಕೊಟ್ಟು, ಕೆಲಸ ಮುಗಿಯಿತು ಎಂದುಕೊಳ್ಳುತ್ತದೆ. ಗಡಿಯಾಚೆಯ ಹಿರಿಯ ಮಾತುಗಾರರಿಗೆ ಅದು ತಲುಪುವುದಿಲ್ಲ. ಇನ್ನೊಂದು ಅಪಾಯ ಭಾಷೆಯೊಳಗಿನದು. ಕಂಪ್ಯೂಟರ್, ಲಸಿಕೆ ಮುಂತಾದವಕ್ಕೆ ಹೊಸ ಪದ ಬೇಕಾದಾಗ ಎರಡು ಕಡೆ ಎರಡು ಪದ ಹುಟ್ಟುತ್ತವೆ, ತಪ್ಪು ಉಚ್ಚಾರಣೆಯ ಧ್ವನಿಮುದ್ರಿಕೆಗಳು ಅಂತರ್ಜಾಲದಲ್ಲಿ ಸೇರಿಕೊಳ್ಳುತ್ತವೆ. ಲಕ್ಷಾಂತರ ಜನ ಮಾತಾಡುವ ಭಾಷೆ ಇದನ್ನೆಲ್ಲ ಜೀರ್ಣಿಸಿಕೊಳ್ಳುತ್ತದೆ. ತಿದ್ದುವ ಹಿರಿಯರೇ ಬೆರಳೆಣಿಕೆಯಷ್ಟಿರುವ ಭಾಷೆಯಲ್ಲಿ ತಪ್ಪೇ ಮುಂದಿನ ತಲೆಮಾರಿಗೆ ಪ್ರಮಾಣವಾಗುತ್ತದೆ.

ಹಾಗೆಂದು ವರ್ಮಾಂಟ್ ಕಡೆಯ ಕಲಿಕೆಯೆಲ್ಲ ಪೊಳ್ಳು ಎನ್ನುವುದು ಸರಿಯಲ್ಲ. ಒಡನಾಕ್‌ನ ಹೆಸರಾಂತ ಶಿಕ್ಷಕಿ ಸೆಸಿಲ್ ವವನೊಲೆಟ್ (1908–2006) ಅವರಿಂದ ಅಮೆರಿಕದ ಕಲಿಕೆದಾರರೂ ಪಾಠ ಹೇಳಿಸಿಕೊಂಡರು. ವರ್ಮಾಂಟ್‌ನ ಮಿಡಲ್‌ಬರಿ ಕಾಲೇಜು 2020ರಲ್ಲಿ ಆರಂಭಿಸಿದ ಎರಡು ವಾರಗಳ ಬೇಸಿಗೆ ತರಗತಿಯ ಹಿಂದೆಯೂ ಆ ಪಾಠದ ಋಣವಿದೆ. ವಿದ್ಯೆ ಒಡನಾಕ್‌ನದ್ದು, ಸಂಸ್ಥೆ ವರ್ಮಾಂಟ್‌ನದ್ದು. ಆ ಋಣವನ್ನು ಯಾವ ಷರತ್ತಿನಲ್ಲಿ ತೀರಿಸಬೇಕು ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಕಲಿಯುವವರು ಎಡವುವ ಜಾಗಗಳು

ತರಗತಿಗೆ ಬರುವ ಹೆಚ್ಚಿನವರು ನಾಮಪದಗಳ ಪಟ್ಟಿಯಲ್ಲೇ ನಿಂತುಬಿಡುತ್ತಾರೆ. ನೀರಿಗೆ ‘ನೆಬಿ’, ಕರಡಿಗೆ ‘ಅವಸ್ಸೊಸ್’ ಎಂದು ಇನ್ನೂರು ಪದ ಕಲಿತವರಿಗೂ ಒಂದು ವಾಕ್ಯ ಕಟ್ಟಲು ಬರುವುದಿಲ್ಲ, ಏಕೆಂದರೆ ಅಬೆನಾಕಿಯ ಭಾರವೆಲ್ಲ ಕ್ರಿಯಾಪದದ ಮೇಲಿದೆ. ನಾಮಪದಗಳು ಗಂಡು–ಹೆಣ್ಣು ಎಂದಲ್ಲ, ಜೀವಿ–ಅಜೀವಿ ಎಂದು ಒಡೆಯುತ್ತವೆ. ಮರ ಇಲ್ಲಿ ಜೀವಿವರ್ಗದ್ದು. ಕ್ರಿಯಾಪದ ಇದನ್ನು ಅನುಸರಿಸಿ ಬುಡದಲ್ಲೇ ಬದಲಾಗುತ್ತದೆ: ಸುಮ್ಮನೆ ಊಟ ಮಾಡುವುದಕ್ಕೆ ಒಂದು ಧಾತು, ಅಜೀವಿವರ್ಗದ ತಿನಿಸನ್ನು ತಿನ್ನುವುದಕ್ಕೆ ಇನ್ನೊಂದು, ಜೀವಿವರ್ಗದ್ದನ್ನು ತಿನ್ನುವುದಕ್ಕೆ ಮತ್ತೊಂದು.

ಎರಡನೆಯ ತೊಡಕು ‘ನೀನು’ ಎಂಬುದರ ಮೇಲುಗೈ. ‘ನಾನು ನಿನ್ನನ್ನು ನೋಡುತ್ತೇನೆ’, ‘ನೀನು ನನ್ನನ್ನು ನೋಡುತ್ತೀಯ’ ಎಂಬ ಎರಡೂ ವಾಕ್ಯಗಳಲ್ಲಿ ಕ್ರಿಯಾಪದ ‘ನೀನು’ ಸೂಚಿಸುವ ‘ಕ್’ ಎಂಬ ಪೂರ್ವಪ್ರತ್ಯಯದಿಂದಲೇ ಶುರುವಾಗುತ್ತದೆ. ನೋಡಿದವರು ಯಾರು, ನೋಡಿಸಿಕೊಂಡವರು ಯಾರು ಎಂಬುದನ್ನು ಕೊನೆಯ ಪ್ರತ್ಯಯ ತೀರ್ಮಾನಿಸುತ್ತದೆ. ಇಂಗ್ಲಿಷ್ ಕ್ರಮದಲ್ಲಿ ಯೋಚಿಸುವವರು ಇಲ್ಲಿ ಪದೇ ಪದೇ ಅರ್ಥ ತಿರುಗಿಸಿಬಿಡುತ್ತಾರೆ. ನೆಂಟರ ಹೆಸರು, ದೇಹದ ಭಾಗಗಳು ಒಡೆಯನಿಲ್ಲದೆ ಬರುವುದೇ ಇಲ್ಲ: ನನ್ನ ತಾಯಿ ‘ನಿಗವೆಸ್’, ನಿನ್ನ ತಾಯಿ ‘ಕಿಗವೆಸ್’, ಬರಿಯ ‘ತಾಯಿ’ ಎಂಬ ಪದವಿಲ್ಲ. ಕೇಳುವವರನ್ನು ಸೇರಿಸಿಕೊಂಡ ‘ನಾವು’ ಬೇರೆ, ಬಿಟ್ಟ ‘ನಾವು’ ಬೇರೆ. ತುಳುವಿನ ‘ನಮ’, ‘ಎಂಕುಳು’ ಬಲ್ಲವರಿಗೆ ಇದು ಸಲೀಸು, ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷರಷ್ಟೇ ಕಷ್ಟ.

ಮೂರನೆಯದು ಹಳೆಯ ಬರಹ. ಫ್ರೆಂಚ್ ಪಾದ್ರಿ ಸೆಬಾಸ್ಟಿಯನ್ ರಾಲ್ 1691ರಲ್ಲಿ ಶುರುಮಾಡಿದ ನಿಘಂಟು, ಜೋಸೆಫ್ ಒಬೆರಿಯ 1715ರ ನಿಘಂಟು ಅಮೂಲ್ಯ ಆಕರಗಳು. ಅವುಗಳಲ್ಲಿ 8ರಂತೆ ಕಾಣುವ ಅಕ್ಷರ ‘ಉ’ ಅಥವಾ ‘ವ’ ಧ್ವನಿಗೆ ನಿಲ್ಲುತ್ತದೆ. ಇಂದಿನ ಬರವಣಿಗೆಯಲ್ಲಿ ಅದೇ 8 ಮೂಗಿನಿಂದ ಹೊರಡುವ ‘ಒ’ ಸ್ವರಕ್ಕೆ ಬಳಕೆಯಾಗುತ್ತದೆ. ಇದು ಗೊತ್ತಿಲ್ಲದೆ ಹಸ್ತಪ್ರತಿಯಿಂದ ನೇರ ಪದ ಎತ್ತಿಕೊಂಡವರು ಇಲ್ಲದ ಪದವೊಂದನ್ನು ಸೃಷ್ಟಿಸಿಬಿಡುತ್ತಾರೆ. ಗಾರ್ಡನ್ ಡೇ ದಶಕಗಳ ಕಾಲ ಒಡನಾಕ್‌ನ ಹಿರಿಯರೊಂದಿಗೆ ಕೂತು ಮಾಡಿದ, ಅವರ ಮರಣಾನಂತರ 1994–95ರಲ್ಲಿ ಎರಡು ಸಂಪುಟಗಳಲ್ಲಿ ಬಂದ ನಿಘಂಟಿನೊಂದಿಗೆ ಹೋಲಿಸಿಯೇ ಹಳೆಯ ಪದ ಬಳಸಬೇಕು.

ಉಳಿದದ್ದು ಗಂಟೆಗಳ ಲೆಕ್ಕ. ವಾರಕ್ಕೆ ಎರಡು ಗಂಟೆಯ ತರಗತಿ ವರ್ಷದಲ್ಲಿ 30 ವಾರ ನಡೆದರೆ 60 ಗಂಟೆ. ಕ್ಯಾಲಿಫೋರ್ನಿಯಾದ ಮೂಲನಿವಾಸಿ ಭಾಷೆಗಳಿಗಾಗಿ 1990ರ ದಶಕದಲ್ಲಿ ರೂಪುಗೊಂಡ ಗುರು–ಶಿಷ್ಯ ಪದ್ಧತಿಯಲ್ಲಿ ಒಬ್ಬ ಹಿರಿಯರು, ಒಬ್ಬ ಕಲಿಕೆದಾರರು ವಾರಕ್ಕೆ 10ರಿಂದ 20 ಗಂಟೆ ಅಡುಗೆ, ಬಟ್ಟೆ, ಓಡಾಟವೆಲ್ಲವನ್ನೂ ಇಂಗ್ಲಿಷ್ ಬಿಟ್ಟು ಮಾಡುತ್ತಾರೆ. ಸುಮಾರು ಮೂರು ವರ್ಷ. ಕಡಿಮೆಯೆಂದರೂ ವರ್ಷಕ್ಕೆ 500 ಗಂಟೆ. ನ್ಯೂಜಿಲೆಂಡ್‌ನಲ್ಲಿ ಮಾವೊರಿಗಳು 1982ರಲ್ಲಿ ಆರಂಭಿಸಿದ ಶಿಶುಕೇಂದ್ರಗಳಲ್ಲಿ ಮಕ್ಕಳು ಇಡೀ ದಿನ ಭಾಷೆಯಲ್ಲೇ ಇರುತ್ತಾರೆ. ಅಬೆನಾಕಿಗೆ ಸದ್ಯ ಇರುವುದು ಹೆಚ್ಚಾಗಿ ಮೊದಲ ಬಗೆಯ ತರಗತಿ.

ಮುಂದೆ ಏನಾಗಬಹುದು

ವರ್ಮಾಂಟ್ ಶಾಸನಸಭೆ ತಾನೇ ಕೊಟ್ಟ ಮಾನ್ಯತೆಯನ್ನು ಮತ್ತೆ ತೆರೆಯಲು ಹಿಂಜರಿಯುವುದು ಸಹಜ. ನಾಲ್ಕು ಗುಂಪುಗಳಲ್ಲಿರುವವರು ಅದರ ಮತದಾರರು, ಒಡನಾಕ್‌ನವರು ಬೇರೆ ದೇಶದವರು. ಯಥಾಸ್ಥಿತಿ ಮುಂದುವರಿದರೆ ರಾಜ್ಯದ ಶಾಲಾ ಪಾಠಗಳು, ಊರುಹೆಸರಿನ ಫಲಕಗಳು, ಭಾಷಾ ತರಗತಿಗಳು ಒಡನಾಕ್ ಒಪ್ಪದ ರೂಪದಲ್ಲೇ ಬೆಳೆಯುತ್ತವೆ. ಮರುಪರಿಶೀಲನೆ ನಡೆದರೆ ದಶಕಗಳಿಂದ ತಮ್ಮನ್ನು ಅಬೆನಾಕಿ ಎಂದು ನಂಬಿ ಬಾಳಿದ ಸಾಮಾನ್ಯ ಕುಟುಂಬಗಳಿಗೆ ಆಘಾತವಾಗುತ್ತದೆ. ಪೂರ್ವಜರ ಮೂಳೆಗಳನ್ನು ವಸ್ತುಸಂಗ್ರಹಾಲಯಗಳಿಂದ ಮರಳಿ ಪಡೆಯುವ ಅಮೆರಿಕದ ಕಾಯ್ದೆಯಲ್ಲಂತೂ ಎರಡೂ ಕಡೆಯವರಿಗೆ ನೇರ ಹಕ್ಕಿಲ್ಲ. ಒಬ್ಬರಿಗೆ ಒಕ್ಕೂಟ ಮಾನ್ಯತೆ ಇಲ್ಲ, ಇನ್ನೊಬ್ಬರು ಗಡಿಯಾಚೆ ಇದ್ದಾರೆ.

ಭಾಷೆಯ ಕೆಲಸ ಈ ತೀರ್ಪಿಗಾಗಿ ಕಾಯಬೇಕಿಲ್ಲ. ಒಡನಾಕ್‌ನಲ್ಲಿ 2011ರಲ್ಲಿ ಶುರುವಾದ ಮೂಲನಿವಾಸಿಗಳ ಕಾಲೇಜು ಕಿಯುನಾ ಇದೆ, 1965ರಿಂದ ನಡೆದುಬಂದ ಅಬೆನಾಕಿ ವಸ್ತುಸಂಗ್ರಹಾಲಯ ಇದೆ, ಎರಡೂ ಊರುಗಳ ಮಹಾಮಂಡಳಿ ಇದೆ. 2019ರ ಕೆನಡಾದ ಮೂಲನಿವಾಸಿ ಭಾಷೆಗಳ ಕಾಯ್ದೆಯಡಿ ಹಣಕ್ಕೆ ದಾರಿಯಿದೆ. ಅಮೆರಿಕದ ವಿಶ್ವವಿದ್ಯಾಲಯಗಳು ಮತ್ತು ಗ್ರಂಥಭಂಡಾರಗಳು ತಮ್ಮಲ್ಲಿರುವ ಹಳೆಯ ಧ್ವನಿಮುದ್ರಿಕೆಗಳ ಪ್ರತಿಯನ್ನು ಮೊದಲು ಒಡನಾಕ್‌ಗೆ ಕೊಟ್ಟು, ಯಾವುದನ್ನು ಎಲ್ಲರಿಗೂ ತೆರೆಯಬೇಕು, ಯಾವುದನ್ನು ಮನೆಯವರಿಗೆ ಮಾತ್ರ ಇಡಬೇಕು ಎಂದು ಅಲ್ಲಿನವರೇ ಗುರುತಿಸಲು ಬಿಡಬಹುದು. ಅನುದಾನ ಕೊಡುವವರು ಅರ್ಜಿಯಲ್ಲಿ ಒಡನಾಕ್ ಮತ್ತು ವೊಲಿನಾಕ್‌ನ ಲಿಖಿತ ಒಪ್ಪಿಗೆ ಕೇಳಬಹುದು; ಪುಸ್ತಕ, ಆ್ಯಪ್‌ಗಳಿಗಿಂತ ಮೊದಲು ಹಿರಿಯರ ಸಮಯಕ್ಕೂ, ಕೆಲಸ ಬಿಟ್ಟು ಅವರೊಂದಿಗೆ ಕೂರುವ ಯುವ ಪೋಷಕರ ಸಂಬಳಕ್ಕೂ ಹಣ ಕಟ್ಟಬಹುದು. ವರ್ಮಾಂಟ್‌ನ ಕಲಿಕೆದಾರರೂ ಅದೇ ಪಠ್ಯ, ಅದೇ ಉಚ್ಚಾರಣೆ, ಅದೇ ಹೊಸ ಪದಗಳನ್ನು ಬಳಸಲು ಒಪ್ಪಿದರೆ, ಮಾನ್ಯತೆಯ ವ್ಯಾಜ್ಯ ಯಾವ ಕಡೆ ತಿರುಗಿದರೂ ಭಾಷೆ ಎರಡಾಗಿ ಒಡೆಯುವುದು ತಪ್ಪುತ್ತದೆ.